ಪ್ರೀತಿಯಿಂದ ಇಟ್ಟ ಹೆಸರು

ನನ್ನ ಗಂಡನಿಗೆ ನಮ್ಮ ಮನೆಯಲ್ಲಿ ಒಂದು ಅಡ್ಡಹೆಸರಿತ್ತು. ಅದು ಯುರೋಪನ್ನು ಯುದ್ಧಕ್ಕೆ ನೂಕಿ, ಯಹೂದಿಗಳನ್ನು ಲಕ್ಷಲಕ್ಷ ಸಂಖ್ಯೆಯಲ್ಲಿ ಕೊಲ್ಲಿಸಿದ ಜರ್ಮನಿಯ ಸರ್ವಾಧಿಕಾರಿಯ ಹೆಸರು. ಅದನ್ನು ಇಲ್ಲಿ ಬರೆಯಲು ಮನಸ್ಸಾಗುತ್ತಿಲ್ಲ. ಬರೆಯದಿದ್ದರೂ ಓದುವವರಿಗೆ ತಿಳಿಯುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಆ ಹೆಸರಿನ ಒಬ್ಬ ಅಪ್ಪನೋ ದೊಡ್ಡಪ್ಪನೋ, ಶಾಲೆಯಲ್ಲಿ ಒಬ್ಬ ಹೆಡ್‌ಮಾಸ್ತರೋ ಇದ್ದೇ ಇರುತ್ತಾರೆ. ಹುಬ್ಬಳ್ಳಿಯ ನನ್ನ ಹೈಸ್ಕೂಲಿನಲ್ಲಿ ಗಣಿತದ ಟೀಚರಿಗೂ ಅದೇ ಹೆಸರಿಟ್ಟಿದ್ದೆವು. ಅವರು ಮದುವೆಯಾಗಿ ಊರು ಬಿಟ್ಟು ಹೋಗುವಾಗ ಅದೇ ಹೆಸರು ಹಿಡಿದು ಅತ್ತೆವು.

ಗಂಡನಿಗೆ ಆ ಹೆಸರಿಟ್ಟವಳು ನಾನೇ. ಆಗ ನಾವು ಹ್ಯೂಸ್ಟನ್‌ನಲ್ಲಿದ್ದೆವು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ನಾನು ಅರಿವಳಿಕೆ ಕೊಡುವ ವೈದ್ಯೆಯಾಗಿ ತರಬೇತಿ ಪಡೆಯುತ್ತಿದ್ದೆ. ಮನೆ ನಡೆಸುತ್ತಿದ್ದವರು ಅವರು. ಸೇತುವೆಗಳನ್ನು ಕಟ್ಟುವ ಎಂಜಿನಿಯರು. ಪ್ರತಿಯೊಂದಕ್ಕೂ ಒಂದು ಹೊತ್ತು, ಪ್ರತಿಯೊಂದಕ್ಕೂ ಒಂದು ಜಾಗ. ಮಗಳ ಹೋಮ್‌ವರ್ಕ್, ಸ್ನಾನ, ಹಾಲು, ದೀಪ ಆರಿಸುವುದು ಎಲ್ಲವೂ ಅವರ ಗಡಿಯಾರದ ಪ್ರಕಾರ. ನಾನು ಡ್ಯೂಟಿಯಿಂದ ಫೋನ್ ಮಾಡಿ, ಆ ಹೆಸರು ಹೇಳಿ, ‘ಎಲ್ಲಿ ಅದಾರ, ಸಿಟ್ಟಿನ್ಯಾಗ ಅದಾರೇನು?’ ಎಂದು ಮಗಳನ್ನು ಪಿಸುದನಿಯಲ್ಲಿ ಕೇಳುತ್ತಿದ್ದೆ. ಅವಳು ಕಿಲಕಿಲ ನಗುತ್ತಿದ್ದಳು. ಆ ನಗು ಕೇಳಲೆಂದೇ ಮತ್ತೆ ಮತ್ತೆ ಹೇಳಿದೆ. ಕ್ರಮೇಣ ಅದು ಮನೆಯ ಮಾತಾಯಿತು, ಹುಬ್ಬಳ್ಳಿಯ ನೆಂಟರವರೆಗೂ ಹೋಯಿತು. ನನ್ನ ಗಂಡನಿಗೂ ಅದು ಹಿಡಿಸಿತ್ತು. ಗೆಳೆಯರ ಮುಂದೆ ‘ಮನಿಯೊಳಗ ನನ್ನ ಹೆಸರ ಬ್ಯಾರೆ ಅದ’ ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು.

ಈಗ ನಾವಿಬ್ಬರೂ ನಿವೃತ್ತರು. ಮಗಳು ಆಸ್ಟಿನ್ ಹತ್ತಿರದ ಲಿಯಾಂಡರ್‌ನಲ್ಲಿದ್ದಾಳೆ. ನಾವು ಡಲ್ಲಾಸ್‌ನ ಉತ್ತರಕ್ಕೆ ಲೂಯಿಸ್‌ವಿಲ್‌ನಲ್ಲಿ, ಕೆರೆಗೆ ನಡೆದು ಹೋಗಬಹುದಾದ ಒಂದು ಬೀದಿಯಲ್ಲಿ ಮನೆ ಮಾಡಿದ್ದೇವೆ. ನಮ್ಮ ಎದುರುಮನೆಯಲ್ಲಿ ಒಬ್ಬರು ವಯಸ್ಸಾದ ಯಹೂದಿ ಹೆಂಗಸು ಇದ್ದಾರೆ. ಹೈಸ್ಕೂಲಿನಲ್ಲಿ ಫ್ರೆಂಚ್ ಕಲಿಸಿ ನಿವೃತ್ತರಾದವರು, ಗಂಡ ತೀರಿಹೋಗಿ ಬಹಳ ಕಾಲವಾಗಿದೆ. ಪ್ರತಿದಿನ ಬೆಳಿಗ್ಗೆ ಇಬ್ಬರೂ ಕೆರೆಯ ದಂಡೆಯವರೆಗೆ ನಡೆಯುತ್ತೇವೆ. ಅವರು ನನ್ನನ್ನು ‘ಡಾಕ್ಟರ್’ ಎನ್ನುತ್ತಾರೆ. ಹಬ್ಬಕ್ಕೆ ಕರೆದರೆ ಖುಷಿಯಿಂದ ಬರುತ್ತಾರೆ. ‘ನಿಮ್ಮ ಮನೆಯಲ್ಲಿ ಮಾಂಸವೇ ಇಲ್ಲ. ನಮ್ಮ ಧರ್ಮದ ಊಟದ ಕಟ್ಟಳೆ ಏನೂ ವಿಚಾರಿಸದೆ ಎಲ್ಲ ತಿನ್ನಬಹುದು’ ಎನ್ನುತ್ತಾರೆ.

ಪರಿಚಯವಾದ ಹೊಸತರಲ್ಲಿ ಒಂದು ಸಲ ನಡೆಯುತ್ತ ಅವರು ಹೇಳಿದ್ದರು: ‘ಯುದ್ಧದ ಹೊತ್ತಿಗೆ ನಾನು ತೀರ ಚಿಕ್ಕವಳು. ಫ್ರಾನ್ಸಿನ ಒಂದು ಹಳ್ಳಿಯ ಚರ್ಚಿನವರು ನಮ್ಮನ್ನು ಬಚ್ಚಿಟ್ಟುಕೊಂಡಿದ್ದರು. ಅಮ್ಮ, ಅಣ್ಣ, ನಾನು.’ ನಾನು ‘ಎಂಥ ದೊಡ್ಡ ಮನಸ್ಸು’ ಎಂದೆ. ಆಮೇಲೆ ಅವರ ಮಂಡಿನೋವಿನ ಬಗ್ಗೆ ಕೇಳಿದೆ. ಎಷ್ಟು ಕಾಲ ಇದ್ದಿರಿ, ಎಲ್ಲಿ ಮಲಗುತ್ತಿದ್ದಿರಿ, ಅಪ್ಪ ಎಲ್ಲಿದ್ದರು, ಯಾವುದನ್ನೂ ಕೇಳಲಿಲ್ಲ. ಇಷ್ಟು ವರ್ಷ ಜೊತೆಗೆ ನಡೆದಿದ್ದೇವೆ. ಅವರ ರಕ್ತದೊತ್ತಡದ ಮಾತ್ರೆಯ ಹೆಸರು ನನಗೆ ಬಾಯಿಪಾಠವಿತ್ತು, ಅವರ ಬಾಲ್ಯದ ಆ ಚರ್ಚಿನ ಬಗ್ಗೆ ಏನೂ ಗೊತ್ತಿರಲಿಲ್ಲ.

ಕಳೆದ ಯುಗಾದಿಗೆ ಮಗಳು, ಅಳಿಯ ಬಂದಿದ್ದರು. ನನ್ನ ಗಂಡನ ಹಳೆಯ ಗೆಳೆಯರೊಬ್ಬರು ಹೆಂಡತಿಯೊಂದಿಗೆ ಬಂದಿದ್ದರು. ಅವರು ಮೈಸೂರಿನವರು, ಡಲ್ಲಾಸ್ ಬಳಿಯ ಲಾಸ್ ಕೊಲಿನಾಸ್‌ನ ಆಫೀಸೊಂದರಲ್ಲಿ ಈಗಲೂ ಕನ್ಸಲ್ಟಿಂಗ್ ಮಾಡುತ್ತಾರೆ. ಎದುರುಮನೆಯವರನ್ನೂ ಕರೆದಿದ್ದೆ. ಬೇವು-ಬೆಲ್ಲವನ್ನು ಅವರು ಮುಖ ಕಿವುಚದೆ ತಿಂದು ಎಲ್ಲರಿಂದ ಶಹಬ್ಬಾಸ್ ಅನ್ನಿಸಿಕೊಂಡರು. ಎಣ್ಣೆಗಾಯಿ, ಕಟ್ಟಿನ ಸಾರು, ಹೋಳಿಗೆ. ಮಾತು ಕನ್ನಡಕ್ಕೂ ಇಂಗ್ಲಿಷಿಗೂ ಹೊರಳಾಡುತ್ತಿತ್ತು. ಗೆಳೆಯರ ಹೆಂಡತಿ ಬೇಗ ಊಟ ಮುಗಿಸಿ ಏಳಲು ಹೋದರು. ಮಗಳು ನಗುತ್ತ ಅವರ ಕೈ ಹಿಡಿದಳು. ಅವಳಾಡಿದ ಹೆಸರಿನ ಜಾಗವನ್ನು ಖಾಲಿ ಬಿಡುತ್ತೇನೆ.

‘ಕೂತ್ಕೊಳ್ಳಿ ಆಂಟಿ. ನಮ್ಮನೇಲಿ — ಏಳೋವರೆಗೂ ಯಾರೂ ಏಳೋ ಹಾಗಿಲ್ಲ. ಪನಿಶ್‌ಮೆಂಟ್ ಇದೆ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಸಾಲಿನಲ್ಲಿ ಎದುರುಮನೆಯವರಿಗೆ ಅರ್ಥವಾಗುವ ಶಬ್ದ ಆ ಹೆಸರೊಂದೇ. ಅವರ ಚಮಚ ನಿಂತಿತು. ‘ಈಗ ಯಾರ ಬಗ್ಗೆ ಮಾತಾಡಿದೆ?’ ಎಂದು ಮಗಳನ್ನು ಇಂಗ್ಲಿಷಿನಲ್ಲಿ ಕೇಳಿದರು.

ಮಗಳು ಆಂಟಿಯ ಕೈ ಬಿಟ್ಟಳು. ಅವಳ ಕಿವಿ ಕೆಂಪಾಗಿದ್ದು ನನಗೆ ಕಾಣಿಸಿತು. ನನ್ನ ಗಂಡ ಏನೂ ಅರಿಯದೆ, ‘ನನ್ನ ಬಗ್ಗೆ. ಈ ಮನೆಯಲ್ಲಿ ಅದು ನನಗೆ ಕೊಟ್ಟಿರುವ ಬಿರುದು’ ಎಂದರು.

ಮುದುಕಿ ಅವರನ್ನೇ ನೋಡಿದರು. ಮೈಸೂರಿನ ಗೆಳೆಯರಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. ಸರಿಪಡಿಸಲು ಹೊರಟರು. ‘ನಮ್ಮಲ್ಲಿ ಇದು ಬೈಗುಳ ಅಲ್ಲ ಮೇಡಂ, ಒಂಥರಾ ಹೊಗಳಿಕೆ. ಆ ಮನುಷ್ಯ ಮಾಡಿದ್ದು ತಪ್ಪೇ, ಯಾರೂ ಇಲ್ಲ ಅನ್ನೋದಿಲ್ಲ. ಆದರೆ ಆ ಡಿಸಿಪ್ಲಿನ್ ಇತ್ತಲ್ಲ, ದೇಶವನ್ನು ಎತ್ತಿ ನಿಲ್ಲಿಸಿದ ರೀತಿ...’

ಅವರ ಮಾತು ಮುಗಿಯಲಿಲ್ಲ, ಯಾರೂ ತಡೆಯಲೂ ಇಲ್ಲ. ನಾನು ಆ ಮನೆಯ ಯಜಮಾನಿ. ಹೆಸರಿಟ್ಟವಳು. ಮೇಜಿನ ಸುತ್ತ ಇದ್ದವರಲ್ಲಿ ಆ ಮುದುಕಿ ಚರ್ಚಿನಲ್ಲಿ ಅಡಗಿಕೊಂಡಿದ್ದವರು ಎಂದು ತಿಳಿದಿದ್ದವಳೂ ನಾನೊಬ್ಬಳೇ. ನಾನು ಮಾಡಿದ್ದಿಷ್ಟು: ಎದ್ದು ಹೋಗಿ ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದೆ. ‘ಸಾಕು’ ಎನ್ನಲಿಲ್ಲ ಅವರು. ಮೆಲ್ಲಗೆ, ಚೂರು ಚೂರೇ ಮುರಿದು ಪೂರ್ತಿ ತಿಂದರು. ‘ಊಟ ಬಹಳ ಚೆನ್ನಾಗಿತ್ತು’ ಎಂದು ಹೇಳಿ, ಮಗಳ ಕೆನ್ನೆ ಮುಟ್ಟಿ ಮನೆಗೆ ಹೋದರು. ಬೀದಿ ದಾಟುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಬೂಟು ಹಾಕಿಕೊಂಡು ಗ್ಯಾರೇಜಿನಲ್ಲೇ ನಿಂತುಬಿಟ್ಟೆ. ತಲೆನೋವು ಎಂದು ಮೆಸೇಜ್ ಕಳಿಸಿಬಿಡೋಣ ಅನ್ನಿಸಿತು. ಬಾಗಿಲೆತ್ತಿದರೆ ಅವರು ಎಂದಿನಂತೆ ಬೀದಿಯ ಕೊನೆಯಲ್ಲಿ ಕಾಯುತ್ತಿದ್ದರು. ಸ್ವಲ್ಪ ದೂರ ನಡೆದ ಮೇಲೆ ಅವರು ಕೇಳಿದರು.

‘ಆ ಹೆಸರು ಇಟ್ಟವರು ಯಾರು ಡಾಕ್ಟರ್?’

‘ನಾನು.’

‘ನಿಮ್ಮ ಭಾಷೆಯಲ್ಲಿ ಅದಕ್ಕೆ ಏನರ್ಥ?’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಭಾಷೆ ಕಲಿಸಿದವರು, ನಿಜವಾಗಿಯೂ ಅರ್ಥ ಕೇಳುತ್ತಿದ್ದರು. ಕಟ್ಟುನಿಟ್ಟಿನ ಮನುಷ್ಯ, ಮನೆಯವರನ್ನು ಗದರಿಸಿ ಅಂಕೆಯಲ್ಲಿಡುವವನು ಎಂದು ವಿವರಿಸಿದೆ. ಹಾಗೆ ಕರೆಯುವಾಗ ನಮಗೆ ಆ ವ್ಯಕ್ತಿಯ ನೆನಪೇ ಬರುವುದಿಲ್ಲ ಎಂದೆ. ಹೇಳುತ್ತ ಹೋದಂತೆ ನನ್ನ ಮಾತು ನನಗೇ ಅಸಹ್ಯವಾಗತೊಡಗಿತು.

‘ಹಾಗಾದರೆ ಪ್ರೀತಿಯಿಂದ ಕರೆಯುವುದು?’

‘ಹೌದು. ಪ್ರೀತಿಯಿಂದಲೇ.’

ಅವರು ತಲೆಯಾಡಿಸಿದರು. ಕೆರೆ ಕಾಣಿಸಿದ ಮೇಲೆ ಬೇರೆಯೇ ವಿಷಯ ತೆಗೆದರು. ಹ್ಯೂಸ್ಟನ್‌ನಲ್ಲಿ ವೃದ್ಧಾಶ್ರಮದಲ್ಲಿರುವ ಅಣ್ಣನಿಗೆ ಎದೆಯಲ್ಲಿ ಕಫ ಕಟ್ಟಿದೆ, ನೆನಪೂ ಬಹುತೇಕ ಹೋಗಿದೆ, ಬಸ್ಸು ಹಿಡಿದು ನೋಡಿ ಬರಬೇಕು ಎಂದರು. ನಾನು ತಡೆದು ಹೇಳಿದೆ: ‘ಬಸ್ಸು ಬೇಡ. ನಾವು ಕರೆದುಕೊಂಡು ಹೋಗುತ್ತೇವೆ.’ ಅದು ದಯೆಯಿಂದ ಬಂದ ಮಾತಾಗಿರಲಿಲ್ಲ. ಏನಾದರೂ ಮಾಡಿ ಆ ಊಟದ ಹೊತ್ತನ್ನು ಮುಚ್ಚಿಹಾಕಬೇಕಿತ್ತು ನನಗೆ.

ನನ್ನ ಕಣ್ಣಿಗೆ ಹೆದ್ದಾರಿಯಲ್ಲಿ ಡ್ರೈವ್ ಮಾಡುವುದು ಕಷ್ಟ. ಗಂಡನನ್ನು ಒಪ್ಪಿಸಬೇಕಿತ್ತು. ಅವರಿಗೆ ಚರ್ಚಿನ ವಿಷಯ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಆಮೇಲೆ ಸಿಟ್ಟು ಬಂತು.

‘ಇದನ್ನ ಮೊದಲ ಯಾಕ ಹೇಳಲಿಲ್ಲ? ಆಕಿ ಮುಂದ ನಾನ ಬಾಯಿ ಬಿಟ್ಟು ಬಿರುದು ಅಂತ ಹೇಳಿದೆ.’

‘ನನಗೂ ಅಷ್ಟ ಗೊತ್ತಿದ್ದದ್ದು. ನೀವು ಒಂದ ಸಲ ಸಾರಿ ಕೇಳಿಬಿಡ್ರಿ.’

‘ಏನಂತ ಕೇಳ್ಲಿ? ನಾ ಏನ ಮಾಡೀನಿ? ಹೆಸರ ಇಟ್ಟಾಕಿ ನೀ, ಕರದವರು ನೀವು.’

ಆದರೂ ಹೊರಡುವ ದಿನ ಹೊತ್ತಿಗೆ ಮೊದಲೇ ಕಾರು ಒರೆಸಿ, ಹಿಂದಿನ ಸೀಟಿಗೆ ದಿಂಬು ಇಟ್ಟು ಕಾಯುತ್ತಿದ್ದರು. ದಾರಿಯುದ್ದಕ್ಕೂ ಏನೋ ಹೇಳಲು ಗಂಟಲು ಸರಿಮಾಡಿಕೊಳ್ಳುವರು. ಕೊನೆಗೆ ಕೇಳುತ್ತಿದ್ದದ್ದು ‘ರೆಸ್ಟ್‌ರೂಮಿಗೆ ನಿಲ್ಲಿಸಲೇ?’ ಎಂದು. ನಾಲ್ಕಾರು ಸಲ ಕೇಳಿದ ಮೇಲೆ ಹಿಂದಿನಿಂದ ಮುದುಕಿ, ‘ನನ್ನ ಮೂತ್ರಕೋಶದ ಬಗ್ಗೆ ನಿಮಗೆ ಬಹಳ ಕಾಳಜಿ’ ಎಂದರು. ಮೂವರೂ ನಕ್ಕೆವು. ಆ ಊಟದ ನಂತರ ನಾನು ಸರಾಗವಾಗಿ ನಕ್ಕಿದ್ದು ಆಗಲೇ.

ಅಣ್ಣ ಗಾಲಿಕುರ್ಚಿಯಲ್ಲಿ ಕಿಟಕಿಯ ಬಳಿ ಕೂತಿದ್ದರು. ಎತ್ತರದ, ಬಡಕಲು ಮನುಷ್ಯ. ತಂಗಿಯ ಗುರುತು ಹತ್ತಿತೋ ಇಲ್ಲವೋ, ಅವರ ಕೈಯನ್ನಂತೂ ಹಿಡಿದುಕೊಂಡರು. ನರ್ಸ್ ನನ್ನನ್ನು ಡಾಕ್ಟರೆಂದು ತಿಳಿದು ಪಕ್ಕಕ್ಕೆ ಕರೆದು ಹೇಳಿದಳು: ‘ಕಫ ತುಂಬಿದೆ, ಆದರೆ ಇವರು ಕೆಮ್ಮುವುದೇ ಇಲ್ಲ. ಬಂದ ಕೆಮ್ಮನ್ನೂ ತಡೆದುಬಿಡುತ್ತಾರೆ. ಬೆನ್ನು ತಟ್ಟಿ ನೋಡಿದೆವು, ಔಷಧ ಕೊಟ್ಟೆವು.’

ನಾನು ಎದುರಿಗೆ ಕೂತು ನೋಡಿದೆ. ಕೆಮ್ಮು ಬಂತು. ಅವರ ಹೊಟ್ಟೆ ಬಿಗಿಯಿತು, ಕತ್ತಿನ ನರ ಉಬ್ಬಿತು, ಮುಖ ನೇರಳೆಗೆ ತಿರುಗಿತು. ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಅದು ಕಳೆದುಹೋಗುವವರೆಗೆ ಕಾದರು. ಒಂದು ಸದ್ದಿಲ್ಲ. ಆಪರೇಷನ್ ಮೇಜಿನ ಮೇಲೆ ಮಲಗಿದವರ ಕೆಮ್ಮು ಅಡಗಿಸುವುದು ನನ್ನ ವೃತ್ತಿಯಾಗಿತ್ತು. ಅದಕ್ಕೆ ಎಷ್ಟು ಔಷಧ ಬೇಕೆಂದು ನನಗೆ ಗೊತ್ತು. ಎಚ್ಚರವಿರುವ ಒಬ್ಬ ಮನುಷ್ಯ ಬರಿಯ ಮನಸ್ಸಿನಿಂದ ಅದನ್ನು ಮಾಡುವುದನ್ನು ನೋಡಿರಲಿಲ್ಲ. ‘ಕೆಮ್ಮಿ ಸರ್, ತಡೆಯಬೇಡಿ’ ಎಂದು ಡಾಕ್ಟರರ ದನಿಯಲ್ಲಿ ಹೇಳಿದೆ. ಅವರು ನನ್ನ ಕಡೆ ನೋಡಿದ ನೋಟದಲ್ಲಿ ಹೆದರಿಕೆಯಿತ್ತು. ಬೇಡ ಎಂಬಂತೆ ತಲೆಯಾಡಿಸಿ, ಬಾಗಿಲ ಕಡೆ ಕಣ್ಣು ಹಾಯಿಸಿದರು.

‘ಇಲ್ಲಿ ಎಲ್ಲಾದರೂ ಪಿಯಾನೊ ಇದೆಯೇ?’ ಎಂದು ತಂಗಿ ನರ್ಸನ್ನು ಕೇಳಿದರು.

ಎಲ್ಲರೂ ಕೂತು ಟಿವಿ ನೋಡುವ ಹಾಲಿನ ಮೂಲೆಯಲ್ಲಿ ಒಂದು ಹಳೆಯ ಪಿಯಾನೊ ಇತ್ತು. ನನ್ನ ಗಂಡ ಗಾಲಿಕುರ್ಚಿಯನ್ನು ಅಲ್ಲಿಗೆ ತಳ್ಳಿಕೊಂಡು ಬಂದರು. ಮುದುಕಿ ಕೂತು ಬಾರಿಸತೊಡಗಿದರು. ಯಾವುದೋ ಚರ್ಚಿನ ಹಾಡಿರಬೇಕು, ಗಡಸಾಗಿ, ಕಿವಿಗಡಚಿಕ್ಕುವಂತೆ, ತಪ್ಪು ತಪ್ಪಾಗಿ. ಟಿವಿ ಮುಂದೆ ಕೂತವರು ಗೊಣಗಿದರು. ಅಣ್ಣನ ಕೈ ಕರವಸ್ತ್ರದಿಂದ ಸಡಿಲಾಯಿತು. ಒಂದು ಸಣ್ಣ ಕೆಮ್ಮು ಬಂತು. ಆಮೇಲೆ ಮೈಯೆಲ್ಲ ಅಲುಗಿಸುವ ಕೆಮ್ಮು, ಒಂದರ ಹಿಂದೊಂದು. ನರ್ಸ್ ಓಡಿಹೋಗಿ ಬಟ್ಟಲು ತಂದಳು. ನಾನು ಅವರ ಬೆನ್ನು ಹಿಡಿದುಕೊಂಡೆ. ಕಫ ಕಿತ್ತುಕೊಂಡು ಬರತೊಡಗಿತು.

ಸ್ವಲ್ಪ ಹೊತ್ತಿಗೆ ಮುದುಕಿಯ ಬೆರಳು ಸೋತವು. ಸಂಗೀತ ನಿಂತದ್ದೇ ಅಣ್ಣ ಮತ್ತೆ ಬಾಯಿ ಮುಚ್ಚಿಕೊಂಡರು.

‘ಯಾರಾದರೂ ಬಾರಿಸಿ. ನಿಲ್ಲಿಸಬೇಡಿ’ ಎಂದರು ಮುದುಕಿ.

‘ನನಗೆ ಬರುವುದಿಲ್ಲ’ ಎಂದರು ನನ್ನ ಗಂಡ.

‘ಬರಬೇಕಿಲ್ಲ. ಜೋರಾಗಿದ್ದರೆ ಸಾಕು.’

ಅವರು ಕೂತರು. ಇಸ್ತ್ರಿಯ ಗೆರೆ ಮುರಿಯದ ಅಂಗಿ ತೊಟ್ಟ, ಯಾವ ಕೆಲಸವನ್ನೂ ಅಡ್ಡಾದಿಡ್ಡಿ ಮಾಡದ ನನ್ನ ಗಂಡ, ಎರಡೂ ಅಂಗೈ ಅಗಲಿಸಿ ಆ ಪಿಯಾನೊವನ್ನು ಬಡಿಯತೊಡಗಿದರು. ತಾಳವಿಲ್ಲ, ಸ್ವರವಿಲ್ಲ. ಟಿವಿಯ ಬಳಿ ಒಬ್ಬರು ಎದ್ದು ನಿಂತು ಬೈದರು. ಇವರು ನಿಲ್ಲಿಸಲಿಲ್ಲ. ಮುಖ ಗೋಡೆಯ ಕಡೆಗಿತ್ತು. ಅಣ್ಣನ ಎದೆ ಹಗುರಾಗಿ, ಉಸಿರು ಸರಾಗವಾಗಿ, ನಾನು ‘ಸಾಕ್ರಿ’ ಎಂದು ಭುಜ ಮುಟ್ಟುವವರೆಗೂ ಬಡಿದರು.

ಅಣ್ಣ ಇವರ ತೋಳು ಹಿಡಿದು ಫ್ರೆಂಚಿನಲ್ಲಿ ಏನೋ ಕೇಳಿದರು. ನನ್ನ ಗಂಡ ತಂಗಿಯ ಕಡೆ ನೋಡಿದರು.

‘ಸೈನಿಕರು ಹೋದರಾ ಎಂದು ಕೇಳುತ್ತಿದ್ದಾನೆ.’

‘ಹೋದರು ಎಂದು ಹೇಳಿ’ ಎಂದರು ಇವರು. ಆಮೇಲೆ ಕಾರಿನ ಬೀಗ ನೋಡಿ ಬರುತ್ತೇನೆಂದು ಹೊರಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಅಣ್ಣ ನಿದ್ದೆ ಹೋದ ಮೇಲೆ, ಅಲ್ಲಿನ ಕ್ಯಾಂಟೀನಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮುದುಕಿ ಹೇಳಿದರು. ಅವರ ತಂದೆಯನ್ನು ಮೊದಲೇ ಹಿಡಿದುಕೊಂಡು ಹೋಗಿದ್ದರು, ಅವರು ಮರಳಲಿಲ್ಲ. ತಾಯಿ ಮಕ್ಕಳನ್ನು ಆ ಹಳ್ಳಿಯ ಪಾದ್ರಿ ಚರ್ಚಿನ ಅಟ್ಟದ ಮೇಲಿದ್ದ ಆರ್ಗನ್ ವಾದ್ಯದ ಹಿಂದಿನ ಕೋಣೆಯಲ್ಲಿ ಇರಿಸಿದರು. ಚಳಿಗಾಲದಲ್ಲಿ ಮಕ್ಕಳಿಬ್ಬರಿಗೂ ನಾಯಿಕೆಮ್ಮು ಬಂತು. ಕೆಳಗೆ ಸದಾ ಯಾರಾದರೂ ಬಂದು ಮೊಣಕಾಲೂರಿ ಕೂತಿರುತ್ತಿದ್ದರು, ಒಮ್ಮೊಮ್ಮೆ ಸೈನಿಕರೂ. ಆರ್ಗನ್ ನುಡಿಸುವಾಕೆ ಊರಿನ ಶಾಲೆಯ ಟೀಚರ್. ಆಕೆ ಬೆಳಿಗ್ಗೆ ಸಂಜೆ ಅಭ್ಯಾಸವೆಂದು ಬಂದು ಜೋರಾಗಿ ನುಡಿಸುವಳು. ಆಗ ಮಕ್ಕಳು ಮನಸಾರೆ ಕೆಮ್ಮಬಹುದಿತ್ತು. ಉಳಿದ ಹೊತ್ತು ತಡೆಯಬೇಕು. ಅಣ್ಣ ತಡೆಯುವುದನ್ನು ಕಲಿತ. ತಂಗಿಗೆ ಆಗುತ್ತಿರಲಿಲ್ಲ, ಅಮ್ಮ ದಿಂಬಿನಡಿ ಅವಳ ಮುಖ ಅಡಗಿಸುತ್ತಿದ್ದರು.

‘ಊರಿನವರಿಗೆ ಗೊತ್ತಿರಲಿಲ್ಲವೇ?’ ಎಂದು ನನ್ನ ಗಂಡ ಕೇಳಿದರು.

‘ಗೊತ್ತಿರಲೇಬೇಕು. ಆಕೆ ಇದ್ದಕ್ಕಿದ್ದಂತೆ ಅಷ್ಟು ಕೆಟ್ಟದಾಗಿ ನುಡಿಸತೊಡಗಿದರೆ ಯಾರಿಗೆ ತಿಳಿಯುವುದಿಲ್ಲ? ಎಲ್ಲರೂ ಬೈಯುತ್ತಿದ್ದರಂತೆ. ನಿಲ್ಲಿಸು ಎಂದು ಯಾರೂ ಹೇಳಲಿಲ್ಲ.’

ನನ್ನ ಗಂಡ ಕಾಫಿ ಲೋಟವನ್ನು ತಿರುಗಿಸುತ್ತ ಕೂತಿದ್ದರು. ‘ಆ ದಿನ ಊಟದ ಹೊತ್ತಿನಲ್ಲಿ ನಾನು ಹೇಳಿದ್ದು...’ ಎಂದು ಶುರು ಮಾಡಿದರು.

‘ಗೊತ್ತು’ ಎಂದು ಮುದುಕಿ ಅವರ ಮಾತು ತಡೆದರು. ‘ನನಗೆ ನೋವಾಯಿತು. ಆಗಲಿಲ್ಲ ಎಂದು ನಿಮ್ಮ ಸಮಾಧಾನಕ್ಕೆ ಹೇಳಲಾರೆ.’ ಆ ಮಾತು ನನ್ನನ್ನು ನೋಡಿ ಹೇಳಿದ್ದು.

ಅವರು ಅಣ್ಣನ ಜೊತೆ ಕೆಲವು ವಾರ ಹ್ಯೂಸ್ಟನ್‌ನಲ್ಲೇ ಉಳಿದರು. ನಾವಿಬ್ಬರೂ ಅಲ್ಲಿಂದ ಮಗಳ ಮನೆಗೆ ಲಿಯಾಂಡರ್ ಕಡೆ ಹೊರಟೆವು. ಊರು ದಾಟಿ ಬಯಲು ಶುರುವಾದ ಮೇಲೆ ಗಂಡ ಬಾಯಿ ತೆರೆದರು.

‘ಆ ದೊಡ್ಡ ಚಳಿ ಬಂದಾಗ ನಮ್ಮ ಗುಡಿಯ ಹಾಲ್ ತಗದಿದ್ವಿ, ನೆನಪದ ಏನು?’

ನೆನಪಿತ್ತು. ಕೆಲವು ವರ್ಷಗಳ ಹಿಂದೆ ಟೆಕ್ಸಾಸ್ ಪೂರ್ತಿ ಹೆಪ್ಪುಗಟ್ಟಿ, ಕರೆಂಟು ಹೋಗಿ, ಮನೆ ಮನೆಯಲ್ಲಿ ಪೈಪುಗಳು ಒಡೆದಿದ್ದವು. ನಮ್ಮ ದೇವಸ್ಥಾನದಲ್ಲಿ ಜನರೇಟರ್ ಇತ್ತು. ಸದಸ್ಯರ ಗುಂಪಿಗೆ ಮೆಸೇಜ್ ಹೋಯಿತು, ಊಟದ ಹಾಲಿನಲ್ಲಿ ಕನ್ನಡದವರು, ತೆಲುಗಿನವರು ಮಕ್ಕಳೊಂದಿಗೆ ಬಂದು ಹಾಸಿಗೆ ಹಾಸಿದ್ದರು. ನಾನು ಅಡುಗೆಮನೆಯಲ್ಲಿ ಉಪ್ಪಿಟ್ಟು ಕೆದಕುತ್ತಿದ್ದೆ.

‘ಗುಡಿ ಹಿಂದಿನ ಅಪಾರ್ಟ್‌ಮೆಂಟಿನವಾ ಒಬ್ಬಾಂವ ಮಕ್ಕಳನ್ನ ಕರಕೊಂಡು ಗಾಜಿನ ಬಾಗಿಲಿಗೆ ಬಂದು ನಿಂತಿದ್ದ. ಇದು ಮೆಂಬರ್ಸಿಗೆ ಅಷ್ಟ, ನಿಮಗ ಸಿಟಿಯವರು ಬ್ಯಾರೆ ಕಡೆ ತಗದಾರ ಅಂತ ನಾನ ಹೇಳಿ ಕಳಿಸಿದೆ. ರೂಲ್ ಹಂಗ ಇತ್ತು.’

‘ನಾ ನೋಡಿದ್ದೆ’ ಎಂದೆ. ‘ಅಡಗಿಮನಿಯಿಂದ ಕಾಣ್ತಿತ್ತು.’

‘ನೋಡಿದ್ದಿ?’

‘ಹೂಂ. ನೀವು ಮಾಡಿದ್ದು ಸರಿ ಅಂತ ಅನಿಸಿತ್ತು ಆವಾಗ.’

ರಸ್ತೆಯ ಎರಡೂ ಬದಿ ನೀಲಿ ಹೂ ಹಾಸಿತ್ತು. ಜನ ಕಾರು ನಿಲ್ಲಿಸಿ ಮಕ್ಕಳನ್ನು ಅದರ ನಡುವೆ ಕೂರಿಸಿ ಫೋಟೊ ತೆಗೆಯುತ್ತಿದ್ದರು. ನನಗೆ ಹೊರಗೆ ನೋಡಲಾಗಲಿಲ್ಲ.

ಲಿಯಾಂಡರ್‌ನಲ್ಲಿ ಮಗಳು ಬಾಗಿಲು ತೆರೆದು ಒಳಗಿದ್ದ ಗಂಡನಿಗೆ ಕೂಗಿ ಹೇಳಹೊರಟವಳು, ಆ ಹೆಸರಿನ ಮೊದಲ ಅಕ್ಷರಕ್ಕೇ ನಾಲಿಗೆ ಕಚ್ಚಿಕೊಂಡಳು. ಊಟವಾದ ಮೇಲೆ ಅವಳೇ ಬಂದು ಅಪ್ಪನ ಪಕ್ಕದಲ್ಲಿ ಕೂತಳು.

‘ಅಪ್ಪ, ಹ್ಯೂಸ್ಟನ್‌ನಲ್ಲಿ ಏಳನೇ ಕ್ಲಾಸಲ್ಲಿದ್ದಾಗ ನಮ್ಮನ್ನ ಹಾಲೊಕಾಸ್ಟ್ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ರು. ನಾನು ಎಸ್ಸೆ ಬರೆದೆ, ಟೀಚರ್ ಕ್ಲಾಸಲ್ಲಿ ಓದಿಸಿದ್ರು. ಅವತ್ತು ಮನೆಗೆ ಬಂದು ನಿಮ್ಮನ್ನ ಹಾಗೇ ಕರೆದಿದ್ದೀನಿ. ಎರಡೂ ಒಂದೇ ಹೆಸರು ಅಂತ ನನ್ನ ತಲೆಗೇ ಬರ್ಲಿಲ್ಲ.’

‘ನೀ ಸಣ್ಣಾಕಿ ಇದ್ದಿ’ ಎಂದರು ಅವರು. ‘ಇನ್ನ ಮ್ಯಾಲೆ ಬ್ಯಾಡ.’

ಅವಳು ನನ್ನ ಕಡೆ ನೋಡಿದಳು. ನನ್ನ ಮಗಳಿಗೆ ಆ ಶಬ್ದವನ್ನು ಲಾಲಿಯ ಹಾಗೆ ಕಲಿಸಿದವಳು ನಾನು. ಶಾಲೆ ಒಂದು ಕಡೆಯಿಂದ ತುಂಬಿದ್ದನ್ನು ನಾನು ಇನ್ನೊಂದು ಕಡೆಯಿಂದ ನಗಿಸಿ ಖಾಲಿ ಮಾಡಿದ್ದೆ.

ನೆಂಟರ ವಾಟ್ಸಾಪ್ ಗುಂಪಿನಲ್ಲಿ ಇನ್ನು ಆ ಹೆಸರು ಬೇಡ ಎಂದು ಬರೆದೆ, ಕಾರಣವನ್ನೂ ಬರೆದೆ. ಇಬ್ಬರು ಕೈಮುಗಿದ ಚಿತ್ರ ಹಾಕಿದರು. ಮೈದುನ ನಗುವ ಮುಖಗಳ ಸಾಲು ಕಳಿಸಿ, ‘ಅಮೆರಿಕಾಕ್ಕ ಹೋಗಿ ವೈನಿ ಭಾಳ ಸೂಕ್ಷ್ಮ ಆದ್ರು’ ಎಂದು ಬರೆದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ಯುಗಾದಿಗೆ ಮೊದಲು ಬೇರೆ ಯಾರಾದರೂ ಹಾಗೆ ಬರೆದಿದ್ದರೆ ನಾನೂ ಅದನ್ನೇ ಕಳಿಸುತ್ತಿದ್ದೆ.

ಆ ಬೇಸಗೆಯಲ್ಲಿ ಮುದುಕಿಯ ಅಣ್ಣ ನಿದ್ದೆಯಲ್ಲೇ ತೀರಿಹೋದರು. ಎದುರುಮನೆಯವರು ಮರಳಿ ಬಂದು ಮತ್ತೆ ನನ್ನ ಜೊತೆ ನಡೆಯತೊಡಗಿದರು. ನನ್ನ ಗಂಡ ದೇವಸ್ಥಾನದ ಕಮಿಟಿಯ ಮುಂದೆ ಒಂದು ವಿಷಯ ಇಟ್ಟರು: ಮುಂದಿನ ಸಲ ಅಂಥ ಚಳಿ ಬಂದರೆ ಹಾಲನ್ನು ಯಾರಿಗಾದರೂ ತೆರೆಯಬೇಕು. ಇನ್ಶೂರೆನ್ಸ್ ಏನು ಮಾಡುವುದು, ಒಳಗೆ ಮಾಂಸ ತಂದರೆ ಏನು ಮಾಡುವುದು, ಆಮೇಲೆ ಯಾರು ತೊಳೆಯುವುದು ಎಂದು ಮಾತು ಬೆಳೆಯಿತು. ಮೈಸೂರಿನ ಗೆಳೆಯರೂ ಕಮಿಟಿಯಲ್ಲಿದ್ದರು. ಅವರು ಯಾವ ಕಡೆಗೂ ಮಾತಾಡಲಿಲ್ಲ. ಕಮಿಟಿ ವಿಷಯವನ್ನು ಮುಂದಕ್ಕೆ ಹಾಕಿತು.

ಮೊನ್ನೆ ಚಳಿಗಾಲದಲ್ಲಿ ಮಂಜುಮಳೆ ಬಿದ್ದು ದೇವಸ್ಥಾನದ ಹಿಂದಿನ ಅಪಾರ್ಟ್‌ಮೆಂಟುಗಳ ಕರೆಂಟು ಹೋಯಿತು. ಗುಡಿಯ ಬೀಗದ ಕೈ ನನ್ನ ಗಂಡನ ಹತ್ತಿರವೇ ಇತ್ತು. ಅವರು ಯಾರನ್ನೂ ಕೇಳದೆ ಹೋಗಿ ಹಾಲಿನ ಬಾಗಿಲು ತೆರೆದು, ಹೀಟರ್ ಹಾಕಿ, ಯಾರಾದರೂ ಒಳಗೆ ಬರಬಹುದು ಎಂದು ಬರೆದು ಗಾಜಿಗೆ ಒಂದು ಕಾಗದ ಅಂಟಿಸಿದರು. ನಾನು ಚಹಾ ಕಾಸಿದೆ. ಮಧ್ಯಾಹ್ನದವರೆಗೆ ಯಾರೂ ಬರಲಿಲ್ಲ. ಬರುವುದಾದರೂ ಯಾಕೆ? ಅಷ್ಟು ವರ್ಷ ಆ ಬಾಗಿಲ ಮುಂದೆ ಓಡಾಡಿದವರನ್ನು ನಾವು ಒಂದು ಸಲವೂ ಒಳಗೆ ಕರೆದಿರಲಿಲ್ಲ.

ಕೊನೆಗೆ ಒಬ್ಬಳು ಹೆಂಗಸು ಎರಡು ಮಕ್ಕಳೊಂದಿಗೆ ಬಂದಳು. ಸ್ಪ್ಯಾನಿಷ್ ಮಾತಾಡುವವಳು, ಇಂಗ್ಲಿಷ್ ಅಷ್ಟಕ್ಕಷ್ಟೇ. ಚಪ್ಪಲಿ ಇಡುವ ಜಾಗ ನೋಡಿ ತಾನಾಗಿಯೇ ಮಕ್ಕಳ ಬೂಟು ಬಿಚ್ಚಿಸಿದಳು. ಹೀಟರ್ ಹತ್ತಿರ ಬನ್ನಿ ಎಂದು ನಾನು ಎಷ್ಟು ಕರೆದರೂ ಬಾಗಿಲ ಪಕ್ಕದ ಗೋಡೆಗೇ ಒರಗಿ ಕೂತಳು. ಚಹಾ ಕೊಟ್ಟರೆ ‘ಎಷ್ಟು?’ ಎಂದು ಕೇಳಿದಳು. ಮಕ್ಕಳು ಪಿಸುಗುಟ್ಟಿದರೂ ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಾಗಿಸುತ್ತಿದ್ದಳು. ನನ್ನ ಗಂಡ ಕೈಸನ್ನೆ ಮಾಡಿ, ಆಡಲಿ ಬಿಡಿ, ಓಡಲಿ ಬಿಡಿ ಎಂದು ತೋರಿಸಿದರು. ಅವಳು ನಕ್ಕಳಷ್ಟೇ.

ಸಂಜೆಗೆ ಕರೆಂಟು ಬಂತೆಂದು ಅವಳ ಫೋನಿಗೆ ಸುದ್ದಿ ಬಂತು. ಕಂಬಳಿಗಳನ್ನು ಅಂಚಿಗೆ ಅಂಚು ಸೇರಿಸಿ ಮಡಚಿಟ್ಟಳು. ತಾವು ಕೂತಿದ್ದ ಜಾಗವನ್ನು ನೋಡಿ, ಪೊರಕೆ ಎಲ್ಲಿದೆ ಎಂದು ಕೈಯಿಂದ ಗುಡಿಸುವಂತೆ ಮಾಡಿ ಕೇಳಿದಳು. ಬೇಡ ಎನ್ನಬೇಕಿತ್ತು. ಅಷ್ಟರಲ್ಲಿ ನನ್ನ ಕೈ ಪೊರಕೆಯಿದ್ದ ಮೂಲೆಯನ್ನು ತೋರಿಸಿಬಿಟ್ಟಿತ್ತು.